ಪೊಮೇರಿಯನ್‌ಗೆ ಹಸಿ ಮಾಂಸ ಹಾಕಬಹುದಾ? – ನಾಯಿ ಸಾಕಿದವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಪೊಮೇರಿಯನ್ ಇದೆ. ಹೆಸರು ಪುಟ್ಟಿ, ತೂಕ 6 ಕೆ.ಜಿ., ಮರಿ ಆಗದಂತೆ ಆಪರೇಷನ್ ಮಾಡಿಸಿದ್ದೇವೆ. ಇಲ್ಲಿಯವರೆಗೆ ಪ್ಯಾಕೆಟ್ ಕಾಳು, ಜೊತೆಗೆ ಎರಡು ತುತ್ತು ಮೊಸರನ್ನ. ಈಗ ಕೆಲವು ತಿಂಗಳಿಂದ ಮೈ ಕೆರೆದುಕೊಳ್ಳುತ್ತಾಳೆ, ಕಾಳನ್ನು ಮೂಸಿ ನೋಡಿ ಎದ್ದು ಹೋಗುತ್ತಾಳೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗ ತನ್ನ ನಾಯಿಗೆ ಹಸಿ ಚಿಕನ್, ಮೂಳೆ, ಲಿವರ್ ಹಾಕುತ್ತಾನೆ. ಕೂದಲು ಮಿರಮಿರ ಮಿಂಚುತ್ತದಂತೆ. ‘ನಾಯಿ ಅಂದ್ರೆ ತೋಳ ತಾನೆ, ತೋಳಕ್ಕೆ ಯಾರು ಬೇಯಿಸಿ ಹಾಕ್ತಾರೆ ದೊಡ್ಡಮ್ಮ’ ಅಂತಾನೆ. ನಾನೂ ಶುರು ಮಾಡಲಾ? ದಿನಕ್ಕೆ ಎಷ್ಟು? ಅಂದ ಹಾಗೆ ಮನೆಯಲ್ಲಿ ಎರಡು ವರ್ಷದ ಮೊಮ್ಮಗು ಇದೆ, ಇಬ್ಬರೂ ಒಟ್ಟಿಗೇ ಆಡುತ್ತಾರೆ.
– ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಕಾಗದದ ಕೊನೇ ಸಾಲು ಮೊದಲು ಬಂದಿದ್ದರೆ ನನ್ನ ಉತ್ತರ ಅಲ್ಲಿಗೇ ಮುಗಿಯುತ್ತಿತ್ತು. ಎರಡು ವರ್ಷದ ಮಗು ಇರುವ ಮನೆಯಲ್ಲಿ ಹಸಿ ಚಿಕನ್ ಬೇಡ. ಪುಟ್ಟಿ ತಟ್ಟೆ ನೆಕ್ಕುತ್ತಾಳೆ, ಆಮೇಲೆ ಮಗುವಿನ ಕೆನ್ನೆ ನೆಕ್ಕುತ್ತಾಳೆ, ಮಗು ಆ ಕೈಯನ್ನೇ ಬಾಯಿಗೆ ಇಡುತ್ತದೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರುವುದು ಅಪರೂಪ ಏನಲ್ಲ. ನಾಯಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ, ಆದರೆ ಅದರ ಮಲದಲ್ಲಿ ದಿನಗಟ್ಟಲೆ ಅವು ಹೊರಗೆ ಬರುತ್ತಿರುತ್ತವೆ. ಫ್ರೀಜರ್‌ನಲ್ಲಿ ಇಟ್ಟರೆ ಸಾಯುತ್ತವೆ ಅಂತ ಸುಮಾರು ಜನ ನಂಬಿದ್ದಾರೆ. ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೆ. ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ 2010ರಿಂದ 2012ರವರೆಗೆ ಪ್ಯಾಕ್ ಮಾಡಿ ಮಾರುವ ಹಸಿ ಆಹಾರದ 196 ಮಾದರಿ ಪರೀಕ್ಷೆ ಮಾಡಿತ್ತು. 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದು ಫ್ಯಾಕ್ಟರಿಯಲ್ಲಿ ತಣ್ಣಗೆ ಇಟ್ಟು ಪ್ಯಾಕ್ ಮಾಡಿದ ಮಾಲು. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ, ಭಾನುವಾರ ಹನ್ನೊಂದು ಗಂಟೆಗೆ, ಒಂದೇ ಮರದ ದಿಮ್ಮಿ ಮೇಲೆ ಅರವತ್ತನೇ ಕೋಳಿ ಕಡಿಯುತ್ತಿರುವ ಅಂಗಡಿಯನ್ನು ಒಂದು ಸಲ ನೆನೆಸಿಕೊಳ್ಳಿ.

ಇನ್ನು ತೋಳದ ವಿಷಯ. ನಿಮ್ಮ ತಂಗಿ ಮಗ ಹೇಳಿದ್ದು ಅರ್ಧ ನಿಜ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಿಂದ ಈ ಹಸಿ ಮೂಳೆ-ಮಾಂಸದ ಪದ್ಧತಿಯನ್ನು ಜನಪ್ರಿಯ ಮಾಡಿದರು, ಅಲ್ಲಿಂದ ಈ ತೋಳದ ಮಾತು ಊರೂರು ಸುತ್ತುತ್ತಿದೆ. ಆದರೆ 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿ ಮತ್ತು ತೋಳದ ಜೀನ್‌ಗಳನ್ನು ಹೋಲಿಸಿ ನೋಡಿದಾಗ, ಪಿಷ್ಟ ಜೀರ್ಣ ಮಾಡುವ ಜೀನ್‌ನ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಜಾಸ್ತಿ ಇವೆ ಅಂತ ಗೊತ್ತಾಯಿತು. ಸಾವಿರಾರು ವರ್ಷ ನಮ್ಮ ಹಿತ್ತಿಲಲ್ಲಿ ಅನ್ನ, ಮುದ್ದೆ ತಿಂದು ಬದುಕಿದ ಪ್ರಾಣಿ ಅದು. ನಮ್ಮ ಕಡೆಯ ನಾಯಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೆರೆತಕ್ಕೆ ಊಟ ಬದಲಾಯಿಸುವ ಮೊದಲು ಬಾಲದ ಬುಡದ ಕೂದಲನ್ನು ಬಿಡಿಸಿ ನೋಡಿ. ಕರಿ ಹಿಟ್ಟಿನಂಥ ಪುಡಿ ಇದ್ದರೆ ಅದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಕೆಂಪಿರುವುದು ಪುಟ್ಟಿಯ ರಕ್ತ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳು ಇದೆಯಾ ನೋಡಿ. ಇವೆರಡೂ ಇಲ್ಲ ಅಂದಮೇಲೆ ಊಟದ ಅಲರ್ಜಿ ಬಗ್ಗೆ ಯೋಚಿಸೋಣ. ಆಗಲೂ ಒಂದು ಮಾತು: ನಾಯಿಗಳಿಗೆ ಜಾಸ್ತಿ ಅಲರ್ಜಿ ತರುವ ಆಹಾರಗಳ ಪೈಕಿ ಕೋಳಿ ಇದೆ, ಹಾಲು-ಮೊಸರೂ ಇದೆ. ಬೇಯಿಸದೆ ಹಾಕಿದ ಮಾತ್ರಕ್ಕೆ ಕೋಳಿ ಬೇರೆ ಪ್ರಾಣಿ ಆಗುವುದಿಲ್ಲ ಅಲ್ವಾ?

ನನ್ನ ನಿಜವಾದ ತಕರಾರು ಬೇರೆ ಇದೆ. ನಿಮ್ಮ ನಾಯಿ ಚಿಕ್ಕದು. ಹಸಿ ಊಟ ಹಾಕುವವರ ಲೆಕ್ಕ ಹೀಗಿರುತ್ತದೆ: ಮೈತೂಕದ ನೂರಕ್ಕೆ 2ರಿಂದ 3ರಷ್ಟು ಊಟ, ಅದರಲ್ಲಿ 80 ಪಾಲು ಮಾಂಸ, 10 ಪಾಲು ಮೂಳೆ, 5 ಪಾಲು ಲಿವರ್, ಉಳಿದ 5 ಪಾಲು ಕಿಡ್ನಿಯಂಥದ್ದು. ಪುಟ್ಟಿಗೆ ಇದನ್ನು ಹಾಕಿ ನೋಡಿ. ದಿನಕ್ಕೆ ಸುಮಾರು 150 ಗ್ರಾಂ. ಲಿವರ್ ಬರೀ ಏಳು ಗ್ರಾಂ ಚಿಲ್ಲರೆ, ಹೆಚ್ಚು ಕಡಿಮೆ ಒಂದು ಅಡಿಕೆಯಷ್ಟು. ಮೂಳೆ 15 ಗ್ರಾಂ. ಮೂವತ್ತು ಕೆ.ಜಿ. ಲ್ಯಾಬ್ರಡಾರ್‌ಗೆ ಕೈ ಅಳತೆಯಲ್ಲಿ ಇಪ್ಪತ್ತು ಗ್ರಾಂ ಲಿವರ್ ಜಾಸ್ತಿ ಬಿದ್ದರೆ ಏನೂ ಆಗಲ್ಲ. ಪುಟ್ಟಿಗೆ ದಿನಾ ಅಷ್ಟೇ ಜಾಸ್ತಿ ಬಿದ್ದರೆ ಮೂರು ಪಟ್ಟಿಗಿಂತ ಮೇಲೆ ಹೋಯಿತು. ಲಿವರ್‌ನ ವಿಟಮಿನ್ ಎ ಮೈಯಲ್ಲೇ ಉಳಿಯುತ್ತದೆ, ತಿಂಗಳುಗಟ್ಟಲೆ ಸೇರುತ್ತಾ ಹೋದರೆ ಮೂಳೆ-ಕೀಲು ಹಿಡಿದುಕೊಳ್ಳುತ್ತವೆ.

ಮೂಳೆ ಭಯಕ್ಕೆ ಸುಮ್ನೆ ಮಾಂಸ ಮಾತ್ರ ಹಾಕುವವರು ಇನ್ನೊಂದು ಕಡೆ ಬೀಳುತ್ತಾರೆ. ಆರು ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 150 ಗ್ರಾಂ ಚಿಕನ್‌ನಲ್ಲಿ ಇಪ್ಪತ್ತು ಮಿಲಿಗ್ರಾಂ ಸಿಗುವುದೂ ಕಷ್ಟ, ರಂಜಕ (ಫಾಸ್ಫರಸ್) ಮಾತ್ರ ಬೇಕಾದಷ್ಟು ಇರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಆಗದಂತೆ ದೇಹ ತನ್ನ ಮೂಳೆಯಿಂದಲೇ ಕಿತ್ತು ಕೊಡುತ್ತದೆ. ಮರಿಗಳಲ್ಲಂತೂ ಇದು ಬೇಗ ಕಾಣುತ್ತದೆ. ಬರೀ ಚಿಕನ್ ತಿಂದು ಬೆಳೆದ ಮರಿ ಸೋಫಾದಿಂದ ಹಾರಿ ಕಾಲು ಮುರಿದುಕೊಂಡು ಬರುತ್ತದೆ, ಎಕ್ಸ್‌ರೇ ತೆಗೆದರೆ ಮೂಳೆ ಮಂಜಿನ ಹಾಗೆ ತೆಳ್ಳಗೆ ಕಾಣುತ್ತದೆ.

ಹಸಿ ಮೂಳೆ ಬೇಯಿಸಿದ ಮೂಳೆಯಷ್ಟು ಚೂಪಾಗಿ ಸೀಳುವುದಿಲ್ಲ, ನಿಜ. ಆದರೆ ಗಂಟಲಿನ ಅಳತೆ ಅಂತ ಒಂದು ಇದೆ. ಇದನ್ನು ನಾನು ಕಲಿತದ್ದು ನನ್ನ ಸ್ವಂತ ನಾಯಿಯಿಂದ. ಆಗ ನಮ್ಮನೆಯಲ್ಲಿ ಐದು ಕೆ.ಜಿ.ಯ ಸ್ಪಿಟ್ಜ್ ಇತ್ತು. ಒಂದು ಹಸಿ ಕೋಳಿ ಕತ್ತು ಕೊಟ್ಟೆ, ಅಗಿದು ತಿನ್ನುತ್ತದೆ ಅಂದುಕೊಂಡು. ಪಕ್ಕದ ಮನೆ ಬೆಕ್ಕು ಕಾಂಪೌಂಡ್ ಮೇಲೆ ಬಂತು. ನಮ್ಮದು ಎಲ್ಲಿ ಕಸಿದುಕೊಳ್ಳುತ್ತದೋ ಅಂತ ಒಂದೇ ಗುಟುಕಿಗೆ ನುಂಗಿತು. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದೆ, ಸದ್ದೇ ಇಲ್ಲ, ವಸಡು ನೇರಳೆ ಬಣ್ಣಕ್ಕೆ ತಿರುಗುತ್ತಿದೆ. ದವಡೆ ಅಗಲಿಸಿ ಎರಡು ಬೆರಳು ಹಾಕಿ ಕಿತ್ತೆ. ಬೆರಳಿಗೆ ಆದ ಗಾಯದ ಗುರುತು ಇನ್ನೂ ಇದೆ. ಪಶುವೈದ್ಯನ ಮನೆಯಲ್ಲೇ ಹೀಗೆ, ಇನ್ನು ಡಾಕ್ಟರ್ ಮನೆಯಲ್ಲಿ ಇಲ್ಲದ ಹೊತ್ತಿಗೆ ಹೀಗಾಗಿದ್ದರೆ?

ಹಾಗಾದರೆ ಕಾಳು ತಿನ್ನದ ಪುಟ್ಟಿಗೆ ಏನು ಹಾಕುವುದು? ಬೇಯಿಸಿ ಹಾಕಿ. ತಂಗಿ ಮಗ ಹೇಳುವ ಹೊಳಪು ಬಹುಪಾಲು ಒಳ್ಳೆಯ ಪ್ರೋಟೀನು, ಕೊಬ್ಬಿನಿಂದ ಬರುವುದು, ಬೇಯಿಸಿದರೆ ಅದು ಓಡಿಹೋಗಲ್ಲ. ಚರ್ಮ ತೆಗೆದ ಮೂಳೆಯಿಲ್ಲದ ಚಿಕನ್ 130 ಗ್ರಾಂ, ಲಿವರ್ ಒಂದು ಅಡಿಕೆಯಷ್ಟು, ಅನ್ನ 100 ಗ್ರಾಂ, ಸಿಹಿಕುಂಬಳ ಅಥವಾ ಕ್ಯಾರೆಟ್ ಎರಡು ಚಮಚ, ಒಂದು ಟೀ ಚಮಚ ಎಣ್ಣೆ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಯಾವುದೂ ಬೇಡ. ಎಲ್ಲಾ ಸೇರಿ 350 ಕ್ಯಾಲೊರಿ ಆಸುಪಾಸು ಬರುತ್ತದೆ. ಒಲೆಯಿಂದ ಇಳಿಸಿದ ಮೇಲೆ ಕಾಲು ಟೀ ಚಮಚ ಮೊಟ್ಟೆಚಿಪ್ಪಿನ ಪುಡಿ. ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ರಂಗೋಲಿ ಪುಡಿಗಿಂತ ನುಣ್ಣಗೆ ಮಾಡಿಟ್ಟುಕೊಳ್ಳಿ. ಇಷ್ಟಕ್ಕೇ ಊಟ ಪೂರ್ತಿ ಆಯಿತು ಅಂದುಕೊಳ್ಳಬೇಡಿ. 2013ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮನೆಯಲ್ಲಿ ಮಾಡುವ ನಾಯಿ ಅಡುಗೆಯ 200 ವಿಧಾನಗಳನ್ನು ಪರೀಕ್ಷಿಸಿದಾಗ 190ರಲ್ಲಿ ಒಂದಾದರೂ ಪೋಷಕಾಂಶದ ಕೊರತೆ ಇತ್ತು. ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ನಿಮ್ಮ ಡಾಕ್ಟರ ಹತ್ತಿರ ನಾಯಿಗೇ ಮಾಡಿದ ವಿಟಮಿನ್-ಖನಿಜದ ಪುಡಿ ಬರೆಸಿಕೊಳ್ಳಿ. ಅಡುಗೆಮನೆಗೆ ಗ್ರಾಂ ತೋರಿಸುವ ತಕ್ಕಡಿ ಒಂದು ತನ್ನಿ. ಹತ್ತು ದಿನದಲ್ಲಿ ನಿಧಾನವಾಗಿ ಹಳೆಯದನ್ನು ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸಿ.

ಇಷ್ಟಾದ ಮೇಲೂ, ಮಗು ಇಲ್ಲದ ಮನೆಯವರು ಹಸಿಯೇ ಹಾಕುತ್ತೇವೆ ಅಂತ ಹಟ ಹಿಡಿದರೆ: ನಾಯಿ ಆರೋಗ್ಯವಾಗಿರಬೇಕು, ವಯಸ್ಸಿಗೆ ಬಂದಿರಬೇಕು. ಕತ್ತನ್ನು ಇಡಿಯಾಗಿ ಕೊಡದೆ ಅಂಗಡಿಯಲ್ಲೇ ಖೀಮಾ ಮಾಡಿಸಿ. ಅದಕ್ಕೇ ಬೇರೆ ಚಾಕು, ಬೇರೆ ಸ್ಟೀಲ್ ಬಟ್ಟಲು ಇಡಿ, ಇಪ್ಪತ್ತು ನಿಮಿಷ ಕಳೆದರೆ ಬಟ್ಟಲು ಎತ್ತಿಬಿಡಿ. ಮಲ ಸುಣ್ಣದ ಹಾಗೆ ಬಿಳಿಯಾಗಿ ಪುಡಿಪುಡಿ ಆದರೆ ಮೂಳೆ ಜಾಸ್ತಿ ಆಗಿದೆ, ಕಪ್ಪಾಗಿ ಮೆತ್ತಗಾದರೆ ಲಿವರ್ ಜಾಸ್ತಿ. ಲೋಳೆ ಅಥವಾ ರಕ್ತ ಕಂಡರೆ ನಿಲ್ಲಿಸಿ, ಬನ್ನಿ.

ಪ್ರಶ್ನೆ: ನಮ್ಮದು ತೋಟದ ಮನೆ. ಎರಡು ಸಣ್ಣ ನಾಯಿ ಇವೆ. ಮಾರಿಹಬ್ಬಕ್ಕೆ ಮರಿ ಕಡಿದಾಗ ಲಿವರ್, ಶ್ವಾಸಕೋಶದಲ್ಲಿ ಕೆಲವು ಸಲ ನೀರು ತುಂಬಿದ ಬಿಳಿ ಗುಳ್ಳೆ ಇರುತ್ತವೆ. ಆ ತುಂಡು ನಾವು ತಿನ್ನಲ್ಲ, ಕೊಯ್ದು ನಾಯಿಗೆ ಎಸೆಯುತ್ತೇವೆ. ಹಸಿ ಮಾಂಸ ನಾಯಿಗೆ ಒಳ್ಳೆಯದು ಅಂತ ಈಗ ಓದಿದವರೂ ಹೇಳುತ್ತಾರಲ್ಲ?
– ಮಳವಳ್ಳಿ ತಾಲ್ಲೂಕು, ಮಂಡ್ಯ

ಉತ್ತರ: ಈ ತಿಂಗಳು ಬಂದ ಕಾಗದಗಳಲ್ಲಿ ನನಗೆ ನಿದ್ದೆ ಕೆಡಿಸಿದ್ದು ಇದು. ದಯವಿಟ್ಟು ಇವತ್ತಿನಿಂದ ನಿಲ್ಲಿಸಿ. ಆ ಗುಳ್ಳೆ ಹೈಡಾಟಿಡ್ ಇರಬಹುದು. ಅದರೊಳಗೆ ಎಕಿನೊಕಾಕಸ್ ಅನ್ನುವ ಲಾಡಿಹುಳುವಿನ ಮರಿಗಳು ಇರುತ್ತವೆ. ನಾಯಿ ಹಸಿಯಾಗಿ ತಿಂದರೆ ಅವು ಅದರ ಕರುಳಿನಲ್ಲಿ ಬೆಳೆದು ದೊಡ್ಡ ಹುಳುವಾಗುತ್ತವೆ. ದೊಡ್ಡದು ಅಂದರೂ ಅಕ್ಕಿ ಕಾಳಿಗಿಂತ ಚಿಕ್ಕದು, ಹಾಗಾಗಿ ಮಲದಲ್ಲಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನಾಯಿ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಸುಮಾರು ಆರೇಳು ವಾರಕ್ಕೆ ಮಲದಲ್ಲಿ ಮೊಟ್ಟೆ ಬರಲು ಶುರುವಾಗುತ್ತದೆ. ಅದು ಕೂದಲಿಗೆ ಅಂಟುತ್ತದೆ, ಸೊಪ್ಪಿನ ಮಡಿಗೆ ಬೀಳುತ್ತದೆ. ಅದನ್ನು ಕುರಿ ತಿಂದರೆ ಕುರಿಗೆ ಗುಳ್ಳೆ. ನಾಯಿ ಸವರಿದ ಕೈಯಲ್ಲಿ ಮಗು ಊಟ ಮಾಡಿದರೆ ಮಗುವಿನ ಲಿವರ್‌ನಲ್ಲಿ ಅದೇ ಗುಳ್ಳೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತದೆ, ಆಪರೇಷನ್‌ವರೆಗೂ ಹೋಗಬಹುದು.

ಕುರಿ ಒಂದೇ ಕಡೆ ಗಿರಗಿರ ತಿರುಗುವ ಕಾಯಿಲೆ ನೋಡಿದ್ದೀರಲ್ಲ, ಅದೂ ಇದೇ ಜಾತಿಯ ಇನ್ನೊಂದು ಲಾಡಿಹುಳುವಿನ ಕೆಲಸ. ಅಂಥ ಕುರಿಯ ತಲೆ ನಾಯಿ ಬಾಯಿಗೆ ಬಿದ್ದರೆ ಮತ್ತೆ ಮೊದಲಿಂದ ಶುರು. ಬಂಡೂರು ಕುರಿಯ ಸೀಮೆಯವರು ನೀವು, ಕುರಿಯ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ಗುಳ್ಳೆ ಇರುವ ತುಂಡನ್ನು ಸುಟ್ಟುಹಾಕಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ. ಗುಳ್ಳೆ ಇಲ್ಲದ ತುಂಡಾದರೂ ಅರ್ಧ ಗಂಟೆ ಕುದಿಸಿಯೇ ಹಾಕಿ. ಎರಡು ನಾಯಿಗೂ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಬೇಕು, ಪ್ರಮಾಣವನ್ನು ತೂಕ ನೋಡಿ ಕೊಡುತ್ತಾರೆ. ಎಲ್ಲಾ ಜಂತುಮಾತ್ರೆಯಲ್ಲೂ ಅದು ಇರುವುದಿಲ್ಲ, ಕೇಳಿ ತೆಗೆದುಕೊಳ್ಳಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಈ ಗುಳ್ಳೆಯ ವಿಷಯ ಬಾಯಿಬಿಟ್ಟು ಹೇಳಿ. ಮಾತ್ರೆ ಕೊಟ್ಟ ಮೂರ್ನಾಲ್ಕು ದಿನದ ಮಲವನ್ನು ಗ್ಲೌಸ್ ಹಾಕಿ ಎತ್ತಿ ಸುಟ್ಟುಬಿಡಿ.

ಪ್ರಶ್ನೆ: ಹೊಸತೊಡಕಿನ ದಿನ ನಮ್ಮ ಪಗ್‌ಗೆ ಮಟನ್ ಕೊಬ್ಬು, ಚಿಕನ್ ಚರ್ಮ ಹಸಿಯಾಗಿಯೇ ಹಾಕಿದೆವು. ಮರುದಿನ ಐದಾರು ಸಲ ವಾಂತಿ. ಎದೆ ನೆಲಕ್ಕೆ ಒತ್ತಿ, ಹಿಂಭಾಗ ಮೇಲೆತ್ತಿ ನಿಲ್ಲುತ್ತಿತ್ತು, ದೇವರಿಗೆ ಅಡ್ಡ ಬಿದ್ದ ಹಾಗೆ. ಈಗ ಸರಿ ಇದೆ. ಹಸಿ ಅಭ್ಯಾಸ ಇಲ್ಲದ್ದಕ್ಕೆ ಹೀಗಾಯಿತಾ?
– ಮಂಡ್ಯ

ಉತ್ತರ: ಹಸಿಗಿಂತ ಜಾಸ್ತಿ ತಪ್ಪು ಕೊಬ್ಬಿನದು. ಬೇಯಿಸಿ ಹಾಕಿದ್ದರೂ ಹೀಗೇ ಆಗಬಹುದಿತ್ತು. ಒಂದೇ ಸಲ ಅಷ್ಟು ಕೊಬ್ಬು ಬಿದ್ದಾಗ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದುಂಟು, ಆ ಅಡ್ಡ ಬೀಳುವ ಭಂಗಿ ಹೊಟ್ಟೆನೋವಿನದು. ಯುಗಾದಿಯ ಮಾರನೇ ದಿನದ ಖುಷಿಯ ಫಲ ನಮಗೆ ಕ್ಲಿನಿಕ್‌ನಲ್ಲಿ ಅದರ ಮಾರನೇ ದಿನ ಕಾಣುತ್ತದೆ, ಪ್ರತಿ ವರ್ಷ. ಈಗ ಸರಿ ಇದ್ದರೂ ಒಂದು ರಕ್ತಪರೀಕ್ಷೆ ಮಾಡಿಸಿ. ಇನ್ನು ಮುಂದೆ ಚರ್ಮ, ಕೊಬ್ಬು ಇದಕ್ಕೆ ಯಾವತ್ತಿಗೂ ಬೇಡ. ಒಮ್ಮೆ ಆದವಕ್ಕೆ ಮತ್ತೆ ಆಗುವ ಸಾಧ್ಯತೆ ಇರುತ್ತದೆ. ಮತ್ತೆ ಆ ಭಂಗಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮಗಳು ಶಿಟ್ಜು ತಂದಿದ್ದಾಳೆ, ಹಸಿ ಮಾಂಸ ಹಾಕಬೇಕು ಅಂತ ಕೂತಿದ್ದಾಳೆ. ನಮ್ಮ ಫ್ರಿಜ್‌ನಲ್ಲಿ ಅದನ್ನು ಇಡಲು ನಮ್ಮತ್ತೆ ಬಿಡಲ್ಲ. ಮುದ್ದೆ ಸಾಕಾಗಲ್ವಾ? ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ.
– ಕುವೆಂಪುನಗರ, ಮೈಸೂರು

ಉತ್ತರ: ಈ ಸಲ ಅತ್ತೆಯವರ ಪರ ನಾನು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವುದು ನಿಜ, ಆದರೆ ರಾಗಿಯಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅದರಲ್ಲಿ ಒಂದಷ್ಟನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಮುದ್ದೆ ಹಾಕಿ, ಅದರ ಜೊತೆ ಪ್ರೋಟೀನು ಬೇಕೇ ಬೇಕು. ಮೊಟ್ಟೆಗೆ ಒಪ್ಪಿಗೆ ಇದ್ದರೆ ಬೇಯಿಸಿದ ಮೊಟ್ಟೆ, ಇಲ್ಲದಿದ್ದರೆ ಪನೀರು. ಅಷ್ಟರಿಂದಲೇ ಊಟ ಪೂರ್ತಿ ಆಗುವುದಿಲ್ಲ, ಹಾಗಾಗಿ ದಿನದ ಮುಖ್ಯ ಊಟ ಒಳ್ಳೆಯ ಪ್ಯಾಕೆಟ್ ಕಾಳೇ ಇರಲಿ. ಅದನ್ನು ಫ್ರಿಜ್‌ನಲ್ಲಿ ಇಡುವ ಅಗತ್ಯವೂ ಇಲ್ಲ. ಒಣದ್ರಾಕ್ಷಿ ಬೀಳುವ ಕಡೆ, ಅಂದರೆ ಕೇಸರಿಬಾತು, ಪಾಯಸದ ಪಾತ್ರೆ ಹತ್ತಿರ ನಾಯಿಯನ್ನು ಬಿಡಬೇಡಿ. ದ್ರಾಕ್ಷಿ ಅವುಗಳ ಕಿಡ್ನಿಗೆ ವಿಷ, ಅದರಲ್ಲೂ ಶಿಟ್ಜು ಗಾತ್ರಕ್ಕೆ ಸ್ವಲ್ಪ ಸಾಕು.