ಜನಗಣತಿಯಲ್ಲಿ 'ನರ್ಸ್ ಚೈಲ್ಡ್' ಎಂದಿದ್ದರೆ ದತ್ತು ಪತ್ರ ಸಿಗುತ್ತದೆಯೇ?

ನಿಮ್ಮ ಪತಿಯ ಮುತ್ತಜ್ಜಿ 1891ರ ಇಂಗ್ಲೆಂಡಿನ ಜನಗಣತಿಯಲ್ಲಿ ಮೂರು ವರ್ಷದ ಮಗುವಾಗಿ ಯಾರದೋ ಮನೆಯಲ್ಲಿದ್ದಾಳೆ, ಹೆಸರಿನ ಪಕ್ಕದಲ್ಲಿ 'ನರ್ಸ್ ಚೈಲ್ಡ್' ಎಂದಿದೆ. ಹೆತ್ತವರು ಬಿಟ್ಟುಬಿಟ್ಟರೇ, ದತ್ತು ಪತ್ರ ಎಲ್ಲಿದ್ದೀತು ಎಂದು ಕೇಳಿದ್ದೀರಿ. ದತ್ತು ಪತ್ರ ಹುಡುಕಿ ದಣಿಯಬೇಡಿ. ಅಲ್ಲಿ ಕಾನೂನಿನ ದತ್ತು ಶುರುವಾದದ್ದೇ 1927ರ ಜನವರಿ 1ರಿಂದ. ಅದಕ್ಕೂ ಹಿಂದಿನದು ಬಾಯಿಮಾತು, ಹೆಚ್ಚೆಂದರೆ ಖಾಸಗಿ ಕಾಗದ.

ಆ ಪದಕ್ಕೂ ಕಾಯಿಲೆಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಅದರ ಅರ್ಥ, ಹಣ ಪಡೆದು ಸಾಕುತ್ತಿದ್ದ ಬೇರೆಯವರ ಮಗು. ಆ ಹಣ ಯಾರ ಕೈಯಿಂದ ಬರುತ್ತಿತ್ತು ಎಂಬುದೇ ನೀವು ಹಿಡಿಯಬೇಕಾದ ಎಳೆ.

ಮೊದಲು ಜನನ ಪ್ರಮಾಣಪತ್ರ ತರಿಸಿ. ತಂದೆಯ ಹೆಸರಿನ ಜಾಗ ಖಾಲಿಯಿದ್ದರೆ ಕೊಡುತ್ತಿದ್ದವಳು ತಾಯಿಯೇ ಇರಬಹುದು. ಮನೆಗೆಲಸದ ಹೆಣ್ಣುಮಕ್ಕಳು ಹೆಚ್ಚಾಗಿ ಯಜಮಾನರ ಮನೆಯಲ್ಲೇ ಉಳಿಯುತ್ತಿದ್ದರು. ಕೂಸಿಗೆ ಅಲ್ಲಿ ಜಾಗವಿರಲಿಲ್ಲ. ಗೆಳತಿಯೊಬ್ಬಳ ಮನೆತನದ ದಾಖಲೆ ಹುಡುಕುವಾಗ ನಾನು ಇಂಥದೇ ಒಂದು ಮಗುವಿನ ತಾಯಿಯ ಹೆಸರನ್ನು ಅದೇ ಜನಗಣತಿಯಲ್ಲಿ ನೋಡಿದೆ. ಮಗುವಿದ್ದ ಮನೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಅಡುಗೆಯವಳಾಗಿದ್ದಳು. 'ಮಗುವನ್ನು ಎಸೆದು ಹೋದವಳು' ಎಂದು ಮೂರು ತಲೆಮಾರು ಹೇಳಿಕೊಂಡು ಬಂದಿದ್ದರು. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟಾಗ ನನ್ನ ಗಂಟಲು ಕಟ್ಟಿತು.

ತಾಯಿಯ ಸುಳಿವೇ ಇಲ್ಲದಿದ್ದರೆ ಬಡವರ ಕಾನೂನಿನ, ಅಂದರೆ ಗತಿಯಿಲ್ಲದವರಿಗೆ ನೆರವು ನೀಡುತ್ತಿದ್ದ ಅಂದಿನ ವ್ಯವಸ್ಥೆಯ, ದಾರಿ ಹಿಡಿಯಿರಿ. 'ಬೋರ್ಡ್ ಆಫ್ ಗಾರ್ಡಿಯನ್ಸ್' ಎಂಬ ಸ್ಥಳೀಯ ಮಂಡಳಿಗಳು ಅನಾಥ ಮಕ್ಕಳನ್ನು ವಾರದ ಭತ್ಯೆಯ ಮೇಲೆ ಕುಟುಂಬಗಳಲ್ಲಿ ಇರಿಸುತ್ತಿದ್ದವು. 1870ರಿಂದ ತಮ್ಮ ವ್ಯಾಪ್ತಿಯ ಆಚೆಗೂ ಕಳಿಸಲು ಅನುಮತಿ ಸಿಕ್ಕಿತು. ಹೀಗಾಗಿ ಮಂಡಳಿಯ ನಡಾವಳಿ ಪುಸ್ತಕವನ್ನು ಮಗು ಬೆಳೆದ ಕಡೆಯಲ್ಲ, ಹೊರಟ ಕಡೆಯ ಪತ್ರಾಗಾರದಲ್ಲಿ ಕೇಳಿ. ಇದನ್ನು ಅರಿಯದೆ ಎಷ್ಟೋ ಜನ ಬರಿಗೈಯಲ್ಲಿ ಮರಳುತ್ತಾರೆ.

ಹುಡುಕಾಟದಲ್ಲಿ ಮಾರ್ಗರೇಟ್ ವಾಟರ್ಸ್ ಎಂಬವಳ ಹೆಸರು ಎದುರಾದರೆ ಎದೆಗುಂದಬೇಡಿ. ಹಣಕ್ಕೆ ಪಡೆದ ಕೂಸಿನ ಸಾವಿಗಾಗಿ 1870ರಲ್ಲಿ ಗಲ್ಲಿಗೇರಿದವಳು ಅವಳು. ಅಂಥ ಪ್ರಕರಣಗಳಿಂದಲೇ 1872ರ ಕಾನೂನು ಬಂದು, ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಹಣಕ್ಕೆ ಸಾಕುವವರು ನೋಂದಾಯಿಸಬೇಕಾಯಿತು. ಒಂದೇ ಕೂಸಿದ್ದ ಮನೆಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ನೋಂದಣಿಯಲ್ಲಿ ಹೆಸರಿಲ್ಲವೆಂದು ಆ ಮನೆಯವರನ್ನು ಶಂಕಿಸಬೇಡಿ.

ಬಳಿಕ 1901ರ ಜನಗಣತಿ ನೋಡಿ. ಆಗ ಅವಳಿಗೆ ಹದಿಮೂರು. ಅದೇ ಮನೆಯಲ್ಲಿ ಅವರದೇ ಕುಲನಾಮ ಹೊತ್ತಿರಬಹುದು, ಅಥವಾ ಮದುವೆಯಾದ ತಾಯಿಯ ಬಳಿ ಮಲತಂದೆಯ ಹೆಸರಿನಲ್ಲಿ ಇರಬಹುದು. ಆದ್ದರಿಂದ ಕುಲನಾಮ ಬಿಟ್ಟು, ಅವಳ ಹೆಸರು, ವಯಸ್ಸು, ಹುಟ್ಟಿದ ಊರು ಹಾಕಿ ಹುಡುಕಿ.