ಕನಸಿನ ಚಿತ್ರ, ಬೆನ್ನಿಗೆ ಅಯಸ್ಕಾಂತ

ಪ್ರಶ್ನೆ: ಮೋಡಗಳಲ್ಲಿ ಈಜುವ ತಿಮಿಂಗಿಲ, ರೆಕ್ಕೆ ಮೂಡಿದ ಮನೆ ಮುಂತಾದ ಕನಸಿನಂಥ ಚಿತ್ರಗಳಿರುವ ಫ್ರಿಜ್ ಮ್ಯಾಗ್ನೆಟ್‌ಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಅಂಗೈಯಗಲದ ತೆಳು ಮ್ಯಾಗ್ನೆಟ್ ಒಂದು ದಪ್ಪ ಕಾಗದವನ್ನೂ ಹಿಡಿಯದೆ ಜಾರುತ್ತದೆ. ಅಂಗಿಯ ಗುಂಡಿಯಷ್ಟಿರುವುದು ನಾಲ್ಕಾರು ಹಾಳೆಗಳನ್ನು ಸಲೀಸಾಗಿ ಹಿಡಿಯುತ್ತದೆ. ಹೀಗೇಕೆ?

ಉತ್ತರ: ಬಾಗುವ ತೆಳು ಮ್ಯಾಗ್ನೆಟ್ ಎಂದರೆ ಫೆರೈಟ್ (ಕಬ್ಬಿಣದ ಆಕ್ಸೈಡ್‌ನಿಂದ ಮಾಡಿದ ಕಾಂತೀಯ ವಸ್ತು) ಪುಡಿಯನ್ನು ರಬ್ಬರ್ ಅಥವಾ ಪ್ಲಾಸ್ಟಿಕ್‌ನೊಂದಿಗೆ ಕಲಸಿ ಹಾಳೆಯಾಗಿಸಿದ ವಸ್ತು. ಅದರ ಹಿಂಬದಿಯಲ್ಲಿ ಉತ್ತರ ಮತ್ತು ದಕ್ಷಿಣ ಧ್ರುವಗಳು ಕಂಬಳಿಯ ಪಟ್ಟೆಗಳಂತೆ, ಕೆಲವೇ ಮಿಲಿಮೀಟರ್ ಅಂತರದಲ್ಲಿ ಒಂದಾದ ಮೇಲೊಂದು ಬರುತ್ತವೆ. ಅಂಥ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಉಜ್ಜಿ ನೋಡಿ: ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರುವ ಅವು, ಅದಕ್ಕೆ ಅಡ್ಡವಾಗಿ ಎಳೆದಾಗ ಟಕಟಕನೆ ಎಡವುತ್ತ ಸಾಗುತ್ತವೆ. ಒಂದೊಂದು ಪಟ್ಟೆಯನ್ನು ದಾಟುವಾಗಲೂ ಸೆಳೆತ ವಿಕರ್ಷಣೆಯಾಗಿ, ವಿಕರ್ಷಣೆ ಸೆಳೆತವಾಗಿ ಬದಲಾಗುವುದೇ ಇದಕ್ಕೆ ಕಾರಣ. ಧ್ರುವಗಳು ಇಷ್ಟು ಒತ್ತೊತ್ತಾಗಿರುವುದರಿಂದ ಕಾಂತಬಲವು ಮೇಲ್ಮೈಯ ಬಳಿಯಲ್ಲೇ ಉಳಿದು, ಸ್ವಲ್ಪ ದೂರ ಸರಿದರೂ ಬೇಗನೆ ಕುಗ್ಗುತ್ತದೆ. ಆದ್ದರಿಂದ ನೇರವಾಗಿ ಉಕ್ಕಿಗೆ ತಾಗಿದಾಗ ಗಟ್ಟಿಯಾಗಿ ನಿಲ್ಲುವ ಚಿತ್ರ, ನಡುವೆ ಕಾಗದ ಬಂದೊಡನೆ ಸಡಿಲಗೊಳ್ಳುತ್ತದೆ. ನಿಮ್ಮ ಗುಂಡಿಯಂಥ ಮ್ಯಾಗ್ನೆಟ್ ಬಹುಶಃ ನಿಯೋಡಿಮಿಯಂ ಎಂಬ ಲೋಹ, ಕಬ್ಬಿಣ ಮತ್ತು ಬೋರಾನ್‌ಗಳ ಮಿಶ್ರಣದ್ದು. 1980ರ ದಶಕದಲ್ಲಿ ಬಳಕೆಗೆ ಬಂದ ಈ ಬಗೆಯ ಅಯಸ್ಕಾಂತದ ಬಲ ಫೆರೈಟ್‌ಗಿಂತ ಹಲವು ಪಟ್ಟು ಹೆಚ್ಚು. ತೆಳುವಾದವನ್ನು ನೋಡುವ ಸೊಗಸಿಗೆ ಬಿಟ್ಟು, ಕಾಗದ ಹಿಡಿಯುವ ಕೆಲಸವನ್ನು ಗುಂಡಿಗೆ ಒಪ್ಪಿಸಿ.

ಪ್ರಶ್ನೆ: ಹೊಸ ಸ್ಟೀಲ್ ಫ್ರಿಜ್‌ಗೆ ಯಾವ ಮ್ಯಾಗ್ನೆಟ್ಟೂ ಅಂಟುತ್ತಿಲ್ಲ. ದೋಷ ಯಾವುದರದು?

ಉತ್ತರ: ಎರಡರದೂ ಅಲ್ಲ. ನಿಕ್ಕಲ್ ಸೇರಿದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಅಯಸ್ಕಾಂತ ಹೆಚ್ಚುಕಡಿಮೆ ಸೆಳೆಯುವುದೇ ಇಲ್ಲ. 430 ದರ್ಜೆಯದನ್ನು ಚೆನ್ನಾಗಿ ಸೆಳೆಯುತ್ತದೆ. ಎಷ್ಟೋ ಫ್ರಿಜ್‌ಗಳ ಪಕ್ಕದ ಗೋಡೆಗಳು ಬಣ್ಣ ಬಳಿದ ಸಾಮಾನ್ಯ ಉಕ್ಕಿನವಾಗಿರುವುದರಿಂದ ಅಲ್ಲಿ ಒಮ್ಮೆ ಹಚ್ಚಿ ನೋಡಿ.

ಪ್ರಶ್ನೆ: ಹೆಸರಾಂತ ಚಿತ್ರಗಳನ್ನೂ ಸಿನಿಮಾ ಪಾತ್ರಗಳನ್ನೂ ಮುದ್ರಿಸಿ ಮ್ಯಾಗ್ನೆಟ್ ಮಾಡಬೇಕೆಂದಿದ್ದೇನೆ, ಮುಂದೆ ಮಾರುವ ಯೋಚನೆಯೂ ಇದೆ. ಯಾವ ಚಿತ್ರ ಚೆನ್ನಾಗಿ ಮೂಡುತ್ತದೆ?

ಉತ್ತರ: ಕಿರಿದಾದಾಗಲೂ ಅಂಚು ಉಳಿಯುವ ಚಿತ್ರ. ಕರಗಿ ಜೋತುಬಿದ್ದ ಗಡಿಯಾರಗಳನ್ನು ಸಾಲ್ವಡಾರ್ ಡಾಲಿ 1931ರಲ್ಲಿ ಬಿಡಿಸಿದ ಚಿತ್ರ ಮೂಲದಲ್ಲೇ ಸುಮಾರು 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲದ್ದು, ಅಂದರೆ ಹೆಚ್ಚಿನವರು ಊಹಿಸುವುದಕ್ಕಿಂತ ಬಹಳ ಚಿಕ್ಕದು. ಅದರ ಆಕಾರಗಳೂ ಸ್ಪಷ್ಟವಾಗಿರುವುದರಿಂದ ಬೆರಳಗಲಕ್ಕೆ ಇಳಿಸಿದರೂ ಗಡಿಯಾರ ಗಡಿಯಾರವಾಗಿಯೇ ಕಾಣುತ್ತದೆ. ವ್ಯಾನ್ ಗಾಗ್ 1889ರಲ್ಲಿ ಬಿಡಿಸಿದ ನಕ್ಷತ್ರಗಳ ರಾತ್ರಿ ಅದಕ್ಕಿಂತ ತುಂಬಾ ದೊಡ್ಡದು. ಅದರ ಜೀವವೇ ಕುಂಚದ ಉಬ್ಬುಗೆರೆಗಳಲ್ಲಿದೆ, ಮ್ಯಾಗ್ನೆಟ್‌ನಲ್ಲಿ ಮೊದಲು ಕಳೆದುಹೋಗುವುದೂ ಅವೇ. ಆಕಾಶದ ಒಂದು ಸುಳಿಯನ್ನಷ್ಟೇ ಕತ್ತರಿಸಿಕೊಂಡರೆ ಮೇಲು ಎಂಬುದು ನನ್ನ ಅಭಿಪ್ರಾಯ. ಬಣ್ಣ ದ್ರವದಲ್ಲಿ ಕರಗಿರುವ ಡೈ ಶಾಯಿಗಿಂತ, ಬಣ್ಣದ ನುಣ್ಣನೆಯ ಕಣಗಳಿರುವ ಪಿಗ್ಮೆಂಟ್ ಶಾಯಿ ಸಾಮಾನ್ಯವಾಗಿ ಬೆಳಕನ್ನು ಹೆಚ್ಚು ಕಾಲ ತಡೆಯುತ್ತದೆ. ಹಾಗಿದ್ದರೂ ಬಿಸಿಲು ಬೀಳುವಲ್ಲಿ ಅಂಟಿಸಬೇಡಿ.

ಮಾರಾಟದ ಮಾತು ಬೇರೆ. ವ್ಯಾನ್ ಗಾಗ್ 1890ರಲ್ಲೇ ತೀರಿಕೊಂಡಿದ್ದರಿಂದ ಆತನ ಚಿತ್ರಗಳಿಗೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಡಾಲಿ ತೀರಿಕೊಂಡದ್ದು 1989ರಲ್ಲಿ. ಅನೇಕ ದೇಶಗಳಲ್ಲಿ ಆತನ ಕೃತಿಗಳ ಹಕ್ಕು ಇನ್ನೂ ಜಾರಿಯಲ್ಲಿದೆ. ಇತ್ತೀಚಿನ ಸಿನಿಮಾ ಪಾತ್ರಗಳನ್ನು ನೀವೇ ಕೈಯಾರೆ ಬಿಡಿಸಿದರೂ, ಮಾರುವ ಮೊದಲು ಹಕ್ಕುದಾರರ ಅನುಮತಿ ಪಡೆಯಬೇಕು.

ಪ್ರಶ್ನೆ: ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ಈ ಮ್ಯಾಗ್ನೆಟ್‌ಗಳು ಅಪಾಯಕಾರಿಯೇ?

ಉತ್ತರ: ಚಿಕ್ಕ ನಿಯೋಡಿಮಿಯಂ ಗುಂಡಿಗಳು ಖಂಡಿತ ಅಪಾಯಕಾರಿ. ಎರಡನ್ನು ನುಂಗಿದರೆ ಅವು ಕರುಳಿನ ಮಡಿಕೆಗಳ ನಡುವಿನಿಂದಲೇ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳನ್ನು ತೂತು ಮಾಡಬಲ್ಲವು. ಅಂಟು ಬಿಟ್ಟು ಸಡಿಲಗೊಂಡವನ್ನು ಇಂದೇ ತೆಗೆದಿಡಿ. ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಹೊಟ್ಟೆನೋವು ಕಾಣಿಸಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ನುಂಗಿದ್ದು ಅಯಸ್ಕಾಂತ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.