ಲೆನಾ ನದಿ ಕುರಿತ ನಿಮ್ಮ ಲೇಖನ: ಏನು ಬಿಡಬೇಕು, ಏನು ಬೆಳೆಸಬೇಕು

ನಮಸ್ಕಾರ,

ಸೈಬೀರಿಯಾದ ಲೆನಾ ನದಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ಲೆನಾ ಬೈಕಲ್ ಸರೋವರದಿಂದ ಹೊರಡುತ್ತದೆ ಎಂದು ಬರೆದಿದ್ದೀರಿ. ಅದು ಹುಟ್ಟುವುದು ಸರೋವರದ ಪಶ್ಚಿಮಕ್ಕಿರುವ ಬೆಟ್ಟಸಾಲಿನಲ್ಲಿ. ಸರೋವರ ತೀರಾ ಹತ್ತಿರವೇ ಇದೆ, ಆದರೂ ಅದರ ನೀರು ಲೆನಾಗೆ ಬರುವುದಿಲ್ಲ. ಬೈಕಲ್‌ನಿಂದ ಹೊರಗೆ ಹರಿಯುವ ನದಿ ಅಂಗಾರಾ ಒಂದೇ. ಅದು ಹೋಗಿ ಯೆನಿಸೇಯ್ ಎಂಬ ಬೇರೆ ನದಿಯನ್ನು ಸೇರುತ್ತದೆ.

ಮೊದಲ ಎರಡು ಪುಟ ಬರೀ ಪಟ್ಟಿ. ಉದ್ದ ಸುಮಾರು 4,300 ಕಿ.ಮೀ., ಉಪನದಿಗಳು ವಿತಿಮ್, ಒಲ್ಯೋಕ್ಮಾ, ಅಲ್ದಾನ್, ವಿಲ್ಯುಯ್. ಇಷ್ಟಕ್ಕೆ ಎರಡು ಸಾಲು ಸಾಕು. 'ರುದ್ರರಮಣೀಯ' ಜಾಸ್ತಿ ಆಯಿತು, ತೆಗೆದುಬಿಡಿ. ಲೆನಾ ಕಂಬಗಳ ಬಗ್ಗೆ ಬರೆಯುವಾಗ ಅವು ನದಿದಂಡೆಯಲ್ಲಿ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಗಳು ಎಂದು ಹೇಳಿ. ನೀವು ಅದನ್ನೇ ಹೇಳಿಲ್ಲ.

'ಲೆನಾ ಉತ್ತರಕ್ಕೆ ಹರಿಯುತ್ತದೆ' ಎಂದು ಕೊನೆಯ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ. ಬಿಸಿಲು ಏರಿದಾಗ ಮಂಜುಗಡ್ಡೆ ಮೊದಲು ಒಡೆಯುವುದು ದಕ್ಷಿಣದಲ್ಲಿ, ಅಂದರೆ ನದಿಯ ಮೇಲ್ಭಾಗದಲ್ಲಿ. ಕೆಳಗೆ ಉತ್ತರದಲ್ಲಿ ನದಿ ಆಗಲೂ ಗಟ್ಟಿಯಾಗಿಯೇ ಇರುತ್ತದೆ. ತೇಲಿ ಬಂದ ಗಡ್ಡೆಗಳು ಅಲ್ಲಿ ಸಿಕ್ಕಿಕೊಂಡು ಅಣೆಕಟ್ಟಿನ ಹಾಗೆ ನಿಲ್ಲುತ್ತವೆ. ಹಿಂದೆ ನೀರು ಏರುತ್ತದೆ. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು, ಹಾಗಾಗಿ ಕರಗಿದ ನೀರು ಇಂಗುವುದೂ ಕಷ್ಟ. 2001ರ ಮೇ ತಿಂಗಳಲ್ಲಿ ಲೆನಾ ದಂಡೆಯ ಲೆನ್ಸ್ಕ್ ಪಟ್ಟಣ ಮುಳುಗಿದ್ದು ಹೀಗೆ. ಗಡ್ಡೆ ಒಡೆಯಲು ವಿಮಾನಗಳಿಂದ ಬಾಂಬ್ ಹಾಕಿದರು! ನಮ್ಮ ಓದುಗರಿಗೆ ಪ್ರವಾಹ ಅಂದರೆ ಮಳೆ ಅಲ್ವಾ? ಬಿಸಿಲು ಬಂದು ಊರು ಮುಳುಗಿತು ಎಂದರೆ ಓದದೆ ಬಿಡುವುದಿಲ್ಲ.

ಲೆನಾ ದಂಡೆಯ ಯಾಕುತ್ಸ್ಕ್ ಅನ್ನು 'ವಿಪರೀತ ಚಳಿಯ ನಗರ' ಎಂದು ಹೇಳಿ ಮುಗಿಸಬೇಡಿ. ಅಲ್ಲಿ ನದಿಗೆ ಸೇತುವೆ ಈಗಷ್ಟೇ ಕಟ್ಟುತ್ತಿದ್ದಾರೆ. ರೈಲು ಆಚೆ ದಂಡೆಯವರೆಗೆ ಮಾತ್ರ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಲಾರಿಗಳು ಓಡುತ್ತವೆ, ಬೇಸಿಗೆಯಲ್ಲಿ ದೋಣಿ. ಗಡ್ಡೆ ಕಟ್ಟುವ ಮತ್ತು ಒಡೆಯುವ ವಾರಗಳಲ್ಲಿ ಎರಡೂ ಇಲ್ಲ. ಆಗ ಜನ ಏನು ಮಾಡುತ್ತಾರೆ? ಹುಡುಕಿ ಬರೆಯಿರಿ.

ಸಾವಿರ ಪದಗಳ ಒಳಗಿರಲಿ, ಜೊತೆಗೆ ಒಂದು ನಕ್ಷೆ ಇರಲಿ. ಬೇಗ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ